ಹಳೆಯ ಏರ್ ಪಿಸ್ತೂಲಿನಲ್ಲೇ 560 ದಾಟಿದ ನನ್ನ ಅನುಭವ

10 ಮೀಟರ್ ಏರ್ ಪಿಸ್ತೂಲಿನಲ್ಲಿ ವರ್ಷಗಟ್ಟಲೆ 600ಕ್ಕೆ 540ರ ಆಸುಪಾಸಿನಲ್ಲೇ ಉಳಿದಿದ್ದ ನನ್ನ ಅಂಕ ಈಗ 560ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ಪಿಸ್ತೂಲು ಅದೇ, ಇನ್ನೊಬ್ಬರ ಕೈಯಿಂದ ಕೊಂಡದ್ದು. ನಳಿಕೆಯೂ ಅದೇ. ಪೆಲೆಟ್ (ಸೀಸದ ಪುಟ್ಟ ಗುಂಡು) ಕೂಡ ಮೊದಲಿನ ಕಂಪನಿಯದೇ. ಬದಲಾದದ್ದು ಎರಡು ಸಂಗತಿ. ಪಿಸ್ತೂಲನ್ನು ನಾನೇ ಬಿಚ್ಚಿ ಜೋಡಿಸಲು ಕಲಿತೆ, ಪೆಲೆಟ್ ಹಾಕದೆ ಮಾಡುವ ಖಾಲಿ ಹೊಡೆತವನ್ನು ಅಭ್ಯಾಸದ ಮುಖ್ಯ ಭಾಗ ಮಾಡಿಕೊಂಡೆ. ಎರಡಕ್ಕೂ ಮೂಲ ಕೆಲವೇ ದಿನಗಳ ಒಂದು ಪ್ರಾಯೋಗಿಕ ತರಗತಿ.

ತರಗತಿಗೆ ಹಣ ಕಟ್ಟುತ್ತೇನೆಂದಾಗ ರೇಂಜಿನ ಗೆಳೆಯರಲ್ಲಿ ಯಾರೂ ಒಪ್ಪಲಿಲ್ಲ. "ಆ ಹಣಕ್ಕೆ ಏಳೆಂಟು ಡಬ್ಬಿ ಪೆಲೆಟ್ ಬರುತ್ತದೆ, ಹೊಡೆಯುತ್ತಾ ಹೋಗಿ, ಕೈ ತಾನಾಗಿ ಕೂರುತ್ತದೆ" ಎಂದರು ಹಿರಿಯರೊಬ್ಬರು. ಇನ್ನೊಬ್ಬರು, "ಆ ಪಿಸ್ತೂಲಿನ ಆಯುಷ್ಯ ಮುಗಿದಿದೆ, ಮಾರಿ ಹೊಸದು ತೆಗೆದುಕೊಳ್ಳಿ" ಎಂದರು. ಹೊಡೆಯುತ್ತಾ ಹೋಗುವುದನ್ನು ನಾನು ಆಗಲೇ ಮಾಡಿ ನೋಡಿಯಾಗಿತ್ತು. 500 ಪೆಲೆಟ್‌ಗಳ ಡಬ್ಬಿ ವಾರಕ್ಕೊಂದರಂತೆ ಖಾಲಿಯಾಗುತ್ತಿತ್ತು, ಅಂಕ ಮಾತ್ರ ಕದಲುತ್ತಿರಲಿಲ್ಲ. ಅದಕ್ಕೂ ಮೊದಲು ಹೊಸ ಗ್ರಿಪ್, ಶೂಟಿಂಗ್ ಬೂಟು, ಕನ್ನಡಕದ ಐರಿಸ್ (ನೋಡುವ ರಂಧ್ರವನ್ನು ಕಿರಿದಾಗಿಸುವ ತಟ್ಟೆ), ಬೇರೆ ಬೇರೆ ಅಗಲದ ಮುಂದಿನ ಸೈಟ್‌ಗಳು (ಗುರಿ ಹಿಡಿಯಲು ನಳಿಕೆಯ ತುದಿಯಲ್ಲಿರುವ ಮೊನೆ) ಎಂದೆಲ್ಲ ಸುರಿದ ಹಣ ಒಟ್ಟು ಕೂಡಿಸಿದರೆ ಹೊಸ ಪಿಸ್ತೂಲಿನ ಅರ್ಧ ಬೆಲೆಯಾಗುತ್ತದೆ. ಇವುಗಳಲ್ಲಿ ಪ್ರಯೋಜನಕ್ಕೆ ಬಂದದ್ದು ಬೂಟು ಮಾತ್ರ, ಅದೂ ಬೆನ್ನುನೋವಿಗೆ.

ತರಗತಿಯ ಮೊದಲ ದಿನ ಮಧ್ಯಾಹ್ನದವರೆಗೆ ಯಾರ ಕೈಗೂ ಪೆಲೆಟ್ ಕೊಡಲಿಲ್ಲ. ಎಲ್ಲರ ಪಿಸ್ತೂಲನ್ನೂ ಒಂದೊಂದಾಗಿ ತಪಾಸಣೆಗೆ ಹಚ್ಚಿದರು. ಟ್ರಿಗರಿಗೆ 500 ಗ್ರಾಂ ತೂಕ ನೇತುಹಾಕಿದರು, ಗಾಳಿ ತುಂಬಿದ ಸಿಲಿಂಡರ್ ಕೂರುವ ಕಡೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ನನಗೆ ಕಣ್ಣು ತೆರೆಸಿದ್ದು ಆಮೇಲಿನ ಪರೀಕ್ಷೆ. ಪೆಲೆಟ್ ತುಂಬುವ ಬಾಗಿಲು ಮುಚ್ಚಿದ ಮೇಲೆ ಅದರ ಸಂದಿಯ ಮೇಲೆ ಟಿಶ್ಯೂ ಕಾಗದದ ತೆಳು ಪಟ್ಟಿಯೊಂದನ್ನು ಇಟ್ಟು, ಫೈರಿಂಗ್ ಲೈನಿನಲ್ಲೇ ಗುರಿಯತ್ತ ಒಂದು ಈಡು ಹೊಡೆಯಬೇಕು. ಪಕ್ಕದವರ ಪಿಸ್ತೂಲಿನ ಮೇಲೆ ಕಾಗದ ಅಲುಗಲಿಲ್ಲ. ನನ್ನದರಲ್ಲಿ ಅದು ಚಟ್ಟನೆ ಹಾರಿ ಮುಂಗೈ ಮೇಲೆ ಬಿತ್ತು. ನಳಿಕೆಯೊಳಗೆ ಪೆಲೆಟ್ಟನ್ನು ತಳ್ಳಬೇಕಿದ್ದ ಗಾಳಿ ಸಂದಿಯಿಂದ ಹೊರಗೆ ನುಗ್ಗುತ್ತಿತ್ತು.

ಅಲ್ಲೇ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಹತ್ತು ಈಡು ಹೊಡೆಸಿದರು. ಸೆಕೆಂಡಿಗೆ ಸುಮಾರು 150 ಮೀಟರ್ ಇರಬೇಕಾದ ವೇಗ ಒಮ್ಮೆ 138, ಒಮ್ಮೆ 149, ಮತ್ತೆ 142 ಎಂದು ಮನಬಂದಂತೆ ಕುಣಿಯುತ್ತಿತ್ತು. ಲೆಕ್ಕ ಹಾಕಿ ನೋಡಿದೆ. 150ರ ಬದಲು 138ರಲ್ಲಿ ಹೊರಟ ಪೆಲೆಟ್ 10 ಮೀಟರಿನಲ್ಲಿ ಸುಮಾರು 4 ಮಿ.ಮೀ. ಕೆಳಗೆ ಬೀಳುತ್ತದೆ. ಗುರಿಯ ಕಾಗದದಲ್ಲಿ ಒಂದೊಂದು ಅಂಕದ ವಲಯದ ಅಗಲ 8 ಮಿ.ಮೀ., 10ರ ವಲಯದ ಇಡೀ ವ್ಯಾಸವೇ 11.5 ಮಿ.ಮೀ. ಕೈ ಎಷ್ಟೇ ಸ್ಥಿರವಾಗಿದ್ದರೂ ಅರ್ಧ ವಲಯವನ್ನು ಪಿಸ್ತೂಲೇ ನುಂಗುತ್ತಿತ್ತು. "ನಳಿಕೆ ಸವೆದಿದೆ" ಎಂದು ಎರಡು ವರ್ಷದಿಂದ ಹೇಳುತ್ತಿದ್ದವರೆಲ್ಲ ನೋಡಬೇಕಿದ್ದದ್ದು ಆ ಸಂದಿಯಲ್ಲಿ ಕೂರುವ, ಮೂರು ಕಾಸು ಬಾಳುವ ಒಂದು ರಬ್ಬರ್ ಉಂಗುರವನ್ನು, ಅಂದರೆ ಓ-ರಿಂಗನ್ನು.

ಆ ಓ-ರಿಂಗ್ ಬದಲಿಸಿದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿಯೇ ಹೆಚ್ಚಿನವರು ಹೆದರಿ ಹಿಂದೆ ಸರಿಯುತ್ತಾರೆ. ಸಿಲಿಂಡರ್ ಕಳಚಿ, ಒಳಗೆ ಉಳಿದ ಗಾಳಿಯನ್ನು ಗುರಿಯತ್ತ ಹೊಡೆದು ಖಾಲಿ ಮಾಡಿದ ಮೇಲೆಯೇ ಕೈ ಹಾಕಬೇಕು. ಹಳೆಯ ಉಂಗುರವನ್ನು ಎಬ್ಬಿಸಲು ಉಕ್ಕಿನ ಸೂಜಿ ಬೇಡ, ಹಲ್ಲು ಕೆದಕುವ ಮರದ ಕಡ್ಡಿ ಸಾಕು. ಸೂಜಿಯ ಒಂದು ಗೀರು ಬಿದ್ದರೆ ಹೊಸ ಉಂಗುರವೂ ಸೋರುತ್ತದೆ. ನನ್ನದು ಹೊರಬಂದಾಗ ಒಂದು ಬದಿ ಚಪ್ಪಟೆಯಾಗಿ, ಉಗುರಿನಿಂದ ಒತ್ತಿದರೆ ಬಿರುಕು ಬಿಡುವಷ್ಟು ಗಟ್ಟಿಯಾಗಿತ್ತು. ತೋಡಿನೊಳಗೆ ಸೀಸದ ಬೂದುಬಣ್ಣದ ಪುಡಿ ಮೆತ್ತಿಕೊಂಡಿತ್ತು. ಅದನ್ನು ನಾರು ಬಿಡದ ಬಟ್ಟೆಯ ತುದಿಯಿಂದ ಒರೆಸಿ, ಹೊಸ ಉಂಗುರವನ್ನು ಸಿಲಿಕೋನ್ ಗ್ರೀಸ್ ಸೋಂಕಿದ ಎರಡು ಬೆರಳ ನಡುವೆ ಹೊಳಪು ಬರುವಷ್ಟೇ ಉಜ್ಜಿ ಕೂರಿಸಿದೆ. ಗ್ರೀಸ್ ಕಣ್ಣಿಗೆ ಕಾಣುವಷ್ಟಿದ್ದರೆ ಅದು ಹೆಚ್ಚಾಯಿತೆಂದೇ ಅರ್ಥ. ಯಂತ್ರದೆಣ್ಣೆಯನ್ನಂತೂ ಹತ್ತಿರ ಸುಳಿಯಗೊಡಬಾರದು. 200 ಬಾರ್ ಒತ್ತಡದ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳುವ ಅಪಾಯವಿದೆ. ಮತ್ತೆ ಕ್ರೋನೋಗ್ರಾಫಿಗೆ ಹೋದಾಗ ವೇಗದ ಏರಿಳಿತ ಎರಡು ಮೂರು ಮೀಟರಿನೊಳಗೆ ಬಂದಿತ್ತು. ಕೂಡಲೇ ಪೂರ್ತಿ ಸೀಲ್ ಕಿಟ್ ತರಿಸಿದೆ. ಅದರ ಬೆಲೆ ಒಂದೆರಡು ಡಬ್ಬಿ ಪೆಲೆಟ್‌ಗಿಂತ ಹೆಚ್ಚಿರಲಿಲ್ಲ. ಮಾರಲು ಹೇಳಿದ ಪಿಸ್ತೂಲು ಈಗ ರೇಂಜಿನ ಹೊಸ ಪಿಸ್ತೂಲುಗಳಿಗೆ ಸರಿಸಮನಾಗಿ ಹೊಡೆಯುತ್ತದೆ.

ಟ್ರಿಗರನ್ನು ನಿಯಮದ ಕನಿಷ್ಠ 500 ಗ್ರಾಂಗೆ ಸರಿಯಾಗಿ ಇಡದೆ 515ರ ಹತ್ತಿರ ಇಟ್ಟುಕೊಂಡಿದ್ದೇನೆ. ಸ್ಪರ್ಧೆಯ ತಪಾಸಣೆಯ ಮೇಜಿನ ಮುಂದೆ ಎದೆ ಹೊಡೆದುಕೊಳ್ಳುವುದಿಲ್ಲ. ಟ್ರಿಗರಿನ ಒತ್ತಿನಲ್ಲಿ ಮೊದಲ ಹಂತಕ್ಕೆ ಎಷ್ಟು, ಎರಡನೆಯದಕ್ಕೆ ಎಷ್ಟು ಎಂಬ ತೂಕದ ಹಂಚಿಕೆಯನ್ನು ಮಾತ್ರ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಚಳಿಗಾಲವೇ ಹಿಡಿದಿದೆ.

ಉಪಕರಣ ಯಾರನ್ನು ಬೇಕಾದರೂ ಕೈಬಿಡಬಹುದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟಿತು. ಅಮೂಲ್ಯ ನಿಮಿಷಗಳು ಕಳೆದುಹೋಗಿ, 575 ಅಂಕದೊಂದಿಗೆ ಅವರು 12ನೆಯವರಾಗಿ ಫೈನಲ್‌ನಿಂದ ಹೊರಗುಳಿದರು. ಅದೇ ಕೈ 2024ರ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದಿತು. 75 ನಿಮಿಷದಲ್ಲಿ 60 ಈಡು ಮುಗಿಸಬೇಕಾದ ಸ್ಪರ್ಧೆಗೆ ಹೋಗುವಾಗ ನನ್ನ ಪೆಟ್ಟಿಗೆಯಲ್ಲಿ ಈಗ ಬದಲಿ ಓ-ರಿಂಗ್‌ಗಳು, ಅಲೆನ್ ಕೀಲಿಗಳು, ತುಂಬಿದ ಎರಡನೇ ಸಿಲಿಂಡರ್ ತಪ್ಪದೆ ಇರುತ್ತವೆ.

ಇನ್ನು ಖಾಲಿ ಹೊಡೆತ. ತರಗತಿಯ ತರಬೇತುದಾರರು ನಮ್ಮನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿ, ಪಿಸ್ತೂಲನ್ನು ಡ್ರೈ ಫೈರ್‌ಗೆ (ಗಾಳಿ ಬಿಡದೆ ಟ್ರಿಗರ್ ಮಾತ್ರ ಕೆಲಸ ಮಾಡುವ ಸ್ಥಿತಿಗೆ) ಹಾಕಿ, ಮುಂದಿನ ಸೈಟ್ ಕದಲದಂತೆ ಟ್ರಿಗರ್ ಒತ್ತಿಸಿದರು. ಗುರಿಯ ಕಪ್ಪು ವೃತ್ತವಿಲ್ಲ, ಅಂಕವಿಲ್ಲ. ಇದರ ಹಿಂದಿನ ಲೆಕ್ಕ ನನಗೆ ಬಹಳ ಇಷ್ಟವಾಯಿತು. ನನ್ನ ಪಿಸ್ತೂಲಿನ ಎರಡು ಸೈಟ್‌ಗಳ ನಡುವೆ ಸುಮಾರು 350 ಮಿ.ಮೀ. ಅಂತರವಿದೆ. ಮುಂದಿನ ಸೈಟ್ ಹಿಂದಿನದರ ಕಚ್ಚಿನೊಳಗೆ 1 ಮಿ.ಮೀ. ಓರೆಯಾದರೆ ಈಡು 28 ಮಿ.ಮೀ. ಆಚೆ ಹೋಗುತ್ತದೆ, ಅಂದರೆ ಮೂರೂವರೆ ವಲಯ. ಸೈಟ್‌ಗಳು ಸರಿಯಾಗಿದ್ದು ಇಡೀ ತೋಳು 3 ಮಿ.ಮೀ. ತೂಗಿದರೆ ನಷ್ಟ ಅದೇ 3 ಮಿ.ಮೀ. ನಾವೆಲ್ಲ ಹೊಡೆದಾಡುತ್ತಿದ್ದದ್ದು ತೋಳಿನ ತೂಗಾಟದೊಂದಿಗೆ, ಅಂಕ ಕದಿಯುತ್ತಿದ್ದದ್ದು ಸೈಟ್‌ನ ಓರೆ.

ಅಂದಿನಿಂದ ದಿನಕ್ಕೆ ಮುಕ್ಕಾಲು ಗಂಟೆ ಗೋಡೆಯ ಮುಂದೆ, ವಾರಕ್ಕೆ ಎರಡು ಸಲ ಮಾತ್ರ ಪೆಲೆಟ್. "ಗೋಡೆಗೆ ಹೊಡೆದು ಪದಕ ತಂದವರಿದ್ದಾರೆಯೇ?" ಎಂದು ಕೇಳಿದವರಿಗೆ ಮೊದಲ ತಿಂಗಳು ನನ್ನಲ್ಲಿ ಉತ್ತರವಿರಲಿಲ್ಲ. ಅಂಕ 530ರ ಕಡೆಗೆ ಜಾರಿತ್ತು. ಗೋಡೆಯ ಮುಂದೆ ಸೈಟಿನ ಮೇಲೆ ನಿಲ್ಲುತ್ತಿದ್ದ ಕಣ್ಣು, ಕಪ್ಪು ವೃತ್ತ ಕಂಡೊಡನೆ ಅದರತ್ತ ಓಡುತ್ತಿತ್ತು. ದಾರಿ ತೆಗೆದದ್ದು ಗುರಿಯ ಕಾಗದವನ್ನು ತಿರುವಿ ಹಾಕಿದಾಗ. ಹಿಂಬದಿಯ ಖಾಲಿ ಬಿಳುಪಿಗೆ ಹತ್ತು ಈಡು, ಆಮೇಲೆ ಮುಂಬದಿಗೆ ಹತ್ತು, ಮತ್ತೆ ಹಿಂಬದಿ. ಬಿಳುಪಿನಲ್ಲಿ ಬಿದ್ದ ತೂತುಗಳ ಗುಂಪು ಕಪ್ಪಿನ ಗುಂಪಿಗಿಂತ ಚಿಕ್ಕದಾಗಿತ್ತು! ಎರಡೂ ಒಂದೇ ಅಳತೆಗೆ ಬರುವವರೆಗೆ ಬಿಡಲಿಲ್ಲ. ಮೂರನೇ ತಿಂಗಳ ಹೊತ್ತಿಗೆ 550, ಅರ್ಧ ವರ್ಷ ಕಳೆಯುವಷ್ಟರಲ್ಲಿ 560. ಪೆಲೆಟ್ ಖರ್ಚು ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ತರಗತಿಯ ಶುಲ್ಕ ಆ ಉಳಿತಾಯದಲ್ಲೇ ಹಿಂತಿರುಗಿತು. ಮಾರಲು ಹೇಳಿದ್ದ ಮಹನೀಯರು ಈಗ ತಮ್ಮ ಪಿಸ್ತೂಲಿನ ಮೇಲೆ ಟಿಶ್ಯೂ ಇಟ್ಟು ನೋಡಲು ನನ್ನನ್ನೇ ಕರೆಯುತ್ತಾರೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಆಭರಣ ತೂಗುವಂಥ ತಕ್ಕಡಿಯಲ್ಲಿ ಒಂದು ಡಬ್ಬಿ ಪೆಲೆಟ್ಟನ್ನು ಒಂದೊಂದಾಗಿ ತೂಗಿ ವಿಂಗಡಿಸಿದೆ. ಅರ್ಧ ಗ್ರಾಂ ಆಸುಪಾಸಿನ ತೂಕದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಸಿಕ್ಕಿತು, ಗುರಿಯ ಮೇಲೆ ಏನೂ ಕಾಣಲಿಲ್ಲ. ತೊಳೆದು ಒಣಗಿಸಿದ ಪೆಲೆಟ್‌ನಿಂದಲೂ ಅಷ್ಟೇ. ಫಲ ಕೊಟ್ಟದ್ದು ಪೆಲೆಟ್‌ನ ತಲೆಯ, ಅಂದರೆ ಮುಂಭಾಗದ, ಅಳತೆ. ಪಿಸ್ತೂಲನ್ನು ಬಿಗಿಪಟ್ಟಿಗೆ ಕಟ್ಟಿ 4.49, 4.50, 4.51 ಮಿ.ಮೀ. ಪೆಲೆಟ್‌ಗಳಿಂದ ಐದೈದು ಈಡು ಹೊಡೆದಾಗ, 4.50ರದ್ದು ಐದೂ ಸೇರಿ 6 ಮಿ.ಮೀ.ಗಿಂತ ತುಸು ದೊಡ್ಡ ಒಂದೇ ತೂತಾಯಿತು. ಬೇರೆ ನಳಿಕೆಗೆ ಬೇರೆ ಅಳತೆ ಒಗ್ಗಬಹುದು, ನನ್ನ ಅಂಕಿಯನ್ನು ನಂಬಿ ಕೊಳ್ಳಬೇಡಿ. ಮೊಬೈಲಿನ ನಿಧಾನಗತಿಯ ವಿಡಿಯೊದಲ್ಲಿ ನಳಿಕೆಯ ಬಾಯಿ ಟ್ರಿಗರ್ ಬಿಡುವ ಗಳಿಗೆಯಲ್ಲಿ ಎಡಕ್ಕೆ ಬಾಗುವುದು ಕಂಡಿತು. ಅದಕ್ಕಾಗಿ ಗ್ರಿಪ್ಪಿನ ಅಂಗೈ ಭಾಗಕ್ಕೆ ಮೆತ್ತಿದ ಮಿಶ್ರಣ ನನ್ನದೇ ತಯಾರಿ. ಅದರ ಪ್ರಮಾಣ ನನ್ನ ಬಳಿಯೇ ಇರಲಿ.

ನಳಿಕೆಯ ಶುಚಿ ಡಬ್ಬಿಗೊಮ್ಮೆ, ಫೆಲ್ಟ್ ತುಂಡುಗಳಿಂದ, ಯಾವಾಗಲೂ ಹಿಂದಿನಿಂದ ಬಾಯಿಯ ಕಡೆಗೆ. ಶುಚಿಯಾದ ಮೇಲಿನ ಮೊದಲ ಹತ್ತು ಹದಿನೈದು ಈಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೋರಿಕೆಯ ಕಾಗದ ಪರೀಕ್ಷೆ ತಿಂಗಳಿಗೊಮ್ಮೆ. ಸಿಲಿಂಡರ್‌ಗಳ ಮೇಲೆ ಒತ್ತಿದ ತಾರೀಕಿನ ಪ್ರಕಾರ ಒಂದರ ಹತ್ತು ವರ್ಷದ ಬಳಕೆಯ ಅವಧಿ ಮುಂದಿನ ವರ್ಷ ಮುಗಿಯುತ್ತದೆ. ಪೆಲೆಟ್‌ನಲ್ಲಿ ಉಳಿಸಿದ ಹಣದಿಂದ ಹೊಸದಕ್ಕೆ ಈಗಲೇ ಹೇಳಿಟ್ಟಿದ್ದೇನೆ.