ಮನೆಯ ಬಾಯ್ಲರಿಗೆ ಕಾಯಿಲ್ ಜೋಡಣೆ: ಅರ್ತ್ ಮೊದಲು, ಕರೆಂಟು ಕೊನೆಗೆ

ಬಾಯ್ಲರಿನ ಕಾಯಿಲ್ ನೀರಿನಲ್ಲಿ ಮುಳುಗಿಯೇ ಇರುತ್ತದೆ, ಅದೇ ನೀರು ನಲ್ಲಿಯಿಂದ ಇಳಿದು ನಮ್ಮ ಒದ್ದೆ ಮೈಯ ಮೇಲೆ ಬೀಳುತ್ತದೆ. ಆದ್ದರಿಂದ ಎರಡು ತಂತಿ ಸೇರಿಸಿದರೆ ಕೆಲಸ ಮುಗಿಯಿತು ಎಂಬ ಧೋರಣೆ ಇಲ್ಲಿ ಸಲ್ಲದು. ಬೋರ್ಡಿನಿಂದ ಬಾಯ್ಲರಿನವರೆಗೆ ಹೊಸ ಲೈನ್ ಎಳೆಯುವುದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಬೇಕು. ಕೆಟ್ಟ ಕಾಯಿಲ್ ಬದಲಿಸುವವರಿಗೂ, ಬೇರೆಯವರು ಮಾಡಿದ ಕೆಲಸವನ್ನು ಪರಿಶೀಲಿಸುವವರಿಗೂ ಮುಂದಿನ ವಿವರಗಳು ಬೇಕಾಗುತ್ತವೆ.

ಮೊದಲು ಲೆಕ್ಕ. 230 ವೋಲ್ಟ್‌ನಲ್ಲಿ 3 ಕಿಲೋವ್ಯಾಟ್ ಕಾಯಿಲ್ ಸುಮಾರು 13 ಆಂಪಿಯರ್ ಎಳೆಯುತ್ತದೆ, ಅದೂ ನೀರು ಕಾಯುವವರೆಗೆ ಎಡೆಬಿಡದೆ. ಇದಕ್ಕೆ ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಬೇಕು. ದೂರ ಹೆಚ್ಚಿದ್ದರೆ ಅಥವಾ ತಂತಿ ಬಿಸಿ ಜಾಗದಲ್ಲಿ ಹಾದುಹೋಗುವುದಾದರೆ 4 ಚದರ ಮಿಲಿಮೀಟರ್ ಹಾಕುವುದೇ ಒಳ್ಳೆಯದು. ಈ ಲೈನಿಗೆ ಬೇರೆ ಯಾವ ಪ್ಲಗ್ಗನ್ನೂ ಸೇರಿಸದೆ, ಪ್ರತ್ಯೇಕ 16 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್), ಹಾಗೂ ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ಚನ್ನು ಅಳವಡಿಸಬೇಕು. ಎಂಸಿಬಿ ತಂತಿಯನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯನನ್ನು ಕಾಯುತ್ತದೆ. ಒಂದಿದೆಯೆಂದು ಇನ್ನೊಂದನ್ನು ಬಿಡುವಂತಿಲ್ಲ.

ಕೆಲಸಕ್ಕೆ ಕೈ ಹಾಕುವ ಮುನ್ನ ಎಂಸಿಬಿ ಇಳಿಸಿ, ಮನೆಯವರು ಅರಿಯದೆ ಅದನ್ನು ಮೇಲೆತ್ತದಂತೆ ಟೇಪ್ ಸುತ್ತಿರಿ. ಸ್ಕ್ರೂಡ್ರೈವರ್ ಟೆಸ್ಟರಿನ ದೀಪ ಉರಿಯಲಿಲ್ಲ ಎಂಬುದೊಂದನ್ನೇ ನಂಬಬೇಡಿ. ಮಲ್ಟಿಮೀಟರನ್ನು ಮೊದಲು ಕರೆಂಟು ಇರುವ ಸಾಕೆಟ್‌ನಲ್ಲಿ ಇಟ್ಟು ಅದು ಸರಿಯಿದೆಯೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಬಾಯ್ಲರಿನ ಟರ್ಮಿನಲ್‌ಗಳಲ್ಲಿ ಫೇಸ್‌–ನ್ಯೂಟ್ರಲ್, ಫೇಸ್‌–ಅರ್ತ್, ನ್ಯೂಟ್ರಲ್‌–ಅರ್ತ್ ಮೂರನ್ನೂ ಅಳೆದು, ಕೊನೆಗೆ ಮತ್ತೆ ಅದೇ ಸಾಕೆಟ್‌ಗೆ ಹಿಂತಿರುಗಿ ನೋಡಿ. ನಡುವೆ ಮೀಟರೇ ಕೆಟ್ಟಿದ್ದರೆ ಈ ಕೊನೆಯ ಹೆಜ್ಜೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಹೊಸ ಕಾಯಿಲನ್ನೂ ಅಳೆಯದೆ ಕೂರಿಸಬಾರದು. 3 ಕಿಲೋವ್ಯಾಟ್‌ನದಾದರೆ ಅದರ ಎರಡು ತುದಿಗಳ ನಡುವೆ ಸುಮಾರು 17.6 ಓಮ್, 2 ಕಿಲೋವ್ಯಾಟ್‌ನದಾದರೆ ಸುಮಾರು 26.5 ಓಮ್ ತೋರಿಸಬೇಕು. ಇದಕ್ಕಿಂತಲೂ ಮುಖ್ಯವಾದದ್ದು ತುದಿಗೂ ಲೋಹದ ಹೊರಕವಚಕ್ಕೂ ನಡುವಿನ ಅಳತೆ. ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ಅದು 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಕಾಯಿಲನ್ನು ಜೋಡಿಸಬೇಡಿ. ಕವಚದೊಳಗೆ ನೈಕ್ರೋಮ್ ಸುರುಳಿಯ ಸುತ್ತ ಒತ್ತಿ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವವನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಬಹಳ ಕಾಲ ಇಟ್ಟಿದ್ದ ಹೊಸ ಕಾಯಿಲ್ ಕೂಡ ಕರೆಂಟು ಸೋರಿಸಬಹುದು.

ಜೋಡಿಸುವಾಗ ಹಸಿರು ತಂತಿಯಿಂದ ಶುರುಮಾಡಿ. ಟ್ಯಾಂಕಿನ ಅರ್ತ್ ಬೋಲ್ಟಿನ ಸುತ್ತಲಿನ ಬಣ್ಣವನ್ನೂ ತುಕ್ಕನ್ನೂ ಕೆರೆದು, ರಿಂಗ್ ಲಗ್ (ತಂತಿಯ ತುದಿಗೆ ಕೂರಿಸುವ ಲೋಹದ ಉಂಗುರ) ಹಾಕಿ, ಹಲ್ಲಿರುವ ವಾಷರ್ ಕೂರಿಸಿ ಬಿಗಿಯಿರಿ. ಅರ್ತ್ ತಂತಿಯನ್ನು ಉಳಿದೆರಡಕ್ಕಿಂತ ಎರಡು ಬೆರಳಷ್ಟು ಉದ್ದ ಬಿಡುವುದು ನನ್ನ ಪದ್ಧತಿ. ಕೇಬಲನ್ನು ಯಾರಾದರೂ ಜಗ್ಗಿದರೂ ಕೊನೆಯಲ್ಲಿ ಕಳಚುವುದು ಅದೇ ಆಗಿರಬೇಕು. ನೀರಿನ ಪೈಪನ್ನು ಅರ್ತ್ ಎಂದು ಎಂದಿಗೂ ಬಳಸಬೇಡಿ, ಏಕೆಂದರೆ ನಡುವೆ ಒಂದೇ ಒಂದು ಪ್ಲಾಸ್ಟಿಕ್ ತುಂಡು ಬಂದರೂ ಅದು ಅರ್ತ್ ಆಗಿ ಉಳಿಯುವುದಿಲ್ಲ.

ಆಮೇಲೆ ಫೇಸ್: ಅದು ಸ್ವಿಚ್ಚಿನಿಂದ ಕಟೌಟ್‌ಗೆ (ನೀರು ಅತಿಯಾಗಿ ಕಾದರೆ ಕರೆಂಟು ಕಡಿಯುವ ಸಾಧನ), ಅಲ್ಲಿಂದ ನೀರಿನ ಬಿಸಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್‌ಗೆ, ಅನಂತರವೇ ಕಾಯಿಲ್‌ಗೆ ಹೋಗಬೇಕು. ಕಟೌಟ್ ಪದೇ ಪದೇ ಬೀಳುತ್ತದೆ ಎಂದು ಅದನ್ನು ದಾಟಿಸಿ ನೇರ ಕನೆಕ್ಷನ್ ಕೊಡುವವರಿದ್ದಾರೆ. ಇದನ್ನು ದಯವಿಟ್ಟು ಯಾವ ಕಾರಣಕ್ಕೂ ಮಾಡಬೇಡಿ. ಥರ್ಮೋಸ್ಟಾಟ್ ಅಂಟಿಕೊಂಡಾಗ ಕಾಯಿಲನ್ನು ನಿಲ್ಲಿಸುವುದು ಅದೊಂದೇ; ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಸೇಫ್ಟಿ ವಾಲ್ವ್ ಕೂಡ ಕಟ್ಟಿಕೊಂಡಿದ್ದರೆ ಟ್ಯಾಂಕ್ ಸಿಡಿಯುತ್ತದೆ. ಕಟೌಟ್ ಬೀಳುತ್ತಿದೆಯೆಂದರೆ ದೋಷ ಬೇರೆಲ್ಲೋ ಇದೆ, ಅದನ್ನು ಹುಡುಕಬೇಕು.

ಮುಚ್ಚಳದೊಳಗೆ ಸಾಧಾರಣ ಪಿವಿಸಿ ತಂತಿ ಬೇಡ, ಶಾಖ ತಡೆಯುವ ಸಿಲಿಕೋನ್ ತಂತಿಯೇ ಬೇಕು. ತುದಿಗಳಿಗೆ ಲಗ್ ಹಾಕಿ ಇಕ್ಕಳದಿಂದ ಒತ್ತಿ ಬಿಗಿಯಿರಿ (ಕ್ರಿಂಪ್ ಮಾಡಿ). ನಾನೊಮ್ಮೆ ತೆರೆದ ಬಾಯ್ಲರಿನಲ್ಲಿ ತಂತಿಯ ಎಳೆಗಳನ್ನು ಬರೀ ಕೈಯಲ್ಲಿ ತಿರುಚಿ ಸ್ಕ್ರೂ ಕೆಳಗೆ ಸಿಕ್ಕಿಸಿದ್ದರು; ಸ್ಕ್ರೂ ಬೆರಳಿನಲ್ಲೇ ತಿರುಗುತ್ತಿತ್ತು, ತಾಮ್ರ ಕಪ್ಪಾಗಿತ್ತು, ತಂತಿಯ ಹೊದಿಕೆ ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಎಂಸಿಬಿ ಒಮ್ಮೆಯೂ ಬಿದ್ದಿರಲಿಲ್ಲ, ಏಕೆಂದರೆ ಸಡಿಲ ಜೋಡಣೆ ಕರೆಂಟನ್ನು ಹೆಚ್ಚಿಸುವುದಿಲ್ಲ, ಆ ಒಂದು ಬಿಂದುವನ್ನು ಮಾತ್ರ ಸುಡುತ್ತದೆ.

ತ್ರೀ ಫೇಸ್ ಬಾಯ್ಲರಾದರೆ ಕಾಯಿಲಿನ ಮೇಲೆ ಬರೆದಿರುವ ವೋಲ್ಟೇಜ್ ಓದಿಕೊಳ್ಳಿ. 230 ವೋಲ್ಟ್‌ನ ಮೂರು ಕಾಯಿಲ್‌ಗಳನ್ನು ಸ್ಟಾರ್ (ಪ್ರತಿ ಕಾಯಿಲ್ ಫೇಸ್ ಮತ್ತು ನ್ಯೂಟ್ರಲ್ ನಡುವೆ) ಬದಲು ಡೆಲ್ಟಾದಲ್ಲಿ (ಪ್ರತಿ ಕಾಯಿಲ್ ಎರಡು ಫೇಸ್‌ಗಳ ನಡುವೆ) ಸೇರಿಸಿದರೆ ಪ್ರತಿಯೊಂದಕ್ಕೂ 400 ವೋಲ್ಟ್ ಬಿದ್ದು, ಮೂರು ಪಟ್ಟು ವ್ಯಾಟ್ ಹರಿದು ಸುಟ್ಟುಹೋಗುತ್ತವೆ.

ಕರೆಂಟು ಕೊಡುವ ಮೊದಲು ಟ್ಯಾಂಕ್ ತುಂಬಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯ ಸದ್ದು ನಿಂತು ನೀರು ಒಂದೇ ಧಾರೆಯಾಗಿ ಬರುವವರೆಗೆ ಕಾಯಿರಿ. ನೀರಿಲ್ಲದೆ ಹಚ್ಚಿದ ಕಾಯಿಲ್ ಕೆಲವೇ ಕ್ಷಣಗಳಲ್ಲಿ ಸುಡುತ್ತದೆ. ಗ್ಯಾಸ್ಕೆಟ್ ಸುತ್ತ ಒಣ ಕಾಗದ ಒತ್ತಿ ಸೋರಿಕೆ ಇಲ್ಲವೆಂದು ನೋಡಿ, ಮುಚ್ಚಳ ಹಾಕಿದ ಮೇಲೆ ಎಂಸಿಬಿ ಏರಿಸಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೆಲವು ದಿನ ಕಾದು ಆರಿದ ಮೇಲೆ ಸ್ಕ್ರೂಗಳು ಕೊಂಚ ಸಡಿಲವಾಗಬಹುದು. ಆದ್ದರಿಂದ ವಾರದ ನಂತರ ಮತ್ತೆ ಎಂಸಿಬಿ ಇಳಿಸಿ, ಮೀಟರಿನಲ್ಲಿ ನೋಡಿ, ಮುಚ್ಚಳ ತೆಗೆದು ಪ್ರತಿಯೊಂದು ಸ್ಕ್ರೂವನ್ನೂ ಬಿಗಿ ಮಾಡಿ.