ಡಿಸ್ಕ್ ಗಾಲ್ಫ್: ಹೆಬ್ಬೆರಳಿಗೆ ಒಂದು ಚುಕ್ಕೆ

ಡಿಸ್ಕ್ ಗಾಲ್ಫ್ ಅಂದರೆ ತಟ್ಟೆಯಂಥ ಡಿಸ್ಕನ್ನು ಎಸೆದು ಬುಟ್ಟಿಗೆ ಬೀಳಿಸುವ ಆಟ. ಡಿಸ್ಕಿನ ಮೇಲೆ ಹೆಬ್ಬೆರಳು ಕೂರುವ ಜಾಗದಲ್ಲಿ ಮಾರ್ಕರ್‌ನಿಂದ ಒಂದು ಚುಕ್ಕೆ ಇಡಿ. ಪ್ರತಿ ಎಸೆತಕ್ಕೂ ಹೆಬ್ಬೆರಳು ಅಲ್ಲೇ ಇರಲಿ, ಉಳಿದ ಬೆರಳುಗಳು ಕೆಳಗಿನ ಅಂಚನ್ನು ಒಳಗಿನಿಂದ ಹಿಡಿಯಲಿ. ಹೆಬ್ಬೆರಳು ಚೂರು ಜರುಗಿದರೂ ಡಿಸ್ಕಿನ ಮೂತಿ (ಮುಂದಿನ ಅಂಚು) ಮೇಲೇಳಬಹುದು. ಆಗ ಎಷ್ಟು ಜೋರಾಗಿ ಎಸೆದರೂ ಅದು ಸುಮ್ನೆ ಮೇಲೇರಿ, ವೇಗ ಕಳೆದುಕೊಂಡು ಬೇಗ ಬೀಳುತ್ತದೆ. ಶುರುವಿನಿಂದಲೇ ಗಟ್ಟಿಯಾಗಿ ಅದುಮಬೇಡಿ, ಮಣಿಕಟ್ಟು ಬಿಗಿಯಾಗುತ್ತದೆ. ಕೈಬಿಡುವ ಹೊತ್ತಿಗೆ ಹಿಡಿತ ಬಿಗಿಯಾದರೆ ಸಾಕು. ಇದು ಬ್ಯಾಕ್‌ಹ್ಯಾಂಡ್‌ಗೆ, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು ಎಸೆಯುವುದಕ್ಕೆ ಮಾತ್ರ. ಎಸೆಯುವ ಕೈಯ ಬದಿಯಿಂದಲೇ ಎಸೆಯುವ ಫೋರ್‌ಹ್ಯಾಂಡ್‌ನ ಹಿಡಿತವೇ ಬೇರೆ. ನಮ್ಮ ತೀರ್ಥಹಳ್ಳಿ, ಆಗುಂಬೆ ಕಡೆ ಮಳೆ ಹಿಡಿದರೆ ಚುಕ್ಕೆಯೂ ಕೆಲಸಕ್ಕೆ ಬರಲ್ಲ, ಒದ್ದೆ ಡಿಸ್ಕ್ ಜಾರುತ್ತದೆ. ಎರಡು ಒಣ ಬಟ್ಟೆ ಇಟ್ಟುಕೊಳ್ಳಿ: ಒಂದು ಡಿಸ್ಕಿಗೆ, ಒಂದು ಕೈಗೆ. ಕೈ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನೊಳಗೇ ಇಡಿ.