ಅನ್ನ ಒಣಗಿಸಿ, ಗೊಜ್ಜು ಹಾಗೇ ಬಿಡಿ: ಚಾರಣದ ಊಟ ಕೊನೆಗೂ ಕೈಗೆ ಹತ್ತಿದ್ದು ಹೀಗೆ

ಒಣಗಿಸಿದ ಬಿಸಿಬೇಳೆಬಾತ್‌ಗೆ ನೀರು ಹಾಕಿದರೆ ಗಂಜಿ ಆಗುತ್ತದೆಯೇ ಹೊರತು ಬಿಸಿಬೇಳೆಬಾತ್ ಆಗುವುದಿಲ್ಲ ಎಂದು ನಮ್ಮ ಟ್ರೆಕ್ಕಿಂಗ್ ಗುಂಪಿನವರು ಎರಡು ಮೂರು ವರ್ಷ ಹೇಳುತ್ತಲೇ ಇದ್ದರು. ಕಳೆದ ಅಕ್ಟೋಬರ್‌ನಲ್ಲಿ ಉತ್ತರಾಖಂಡದ ಹರ್ ಕಿ ದೂನ್ ಕಣಿವೆಯಲ್ಲಿ, ಸುಮಾರು 3,500 ಮೀಟರ್ ಎತ್ತರದಲ್ಲಿ, ಅದೇ ಜನ ಎರಡನೇ ಸಲ ಬಡಿಸಿಕೊಂಡು ಪಾತ್ರೆ ಖಾಲಿ ಮಾಡಿದರು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಊಟ ಒಣಗಿಸುವುದು ಡಿಹೈಡ್ರೇಟರ್‌ನಲ್ಲಿ, ಅಂದರೆ ಬಿಸಿಗಾಳಿಯಲ್ಲಿ ಆಹಾರ ಒಣಗಿಸುವ ಮೆಷಿನ್‌ನಲ್ಲಿ. ಅದರ ಟ್ರೇ ಹೇಗೆ ಜೋಡಿಸಬೇಕು ಎಂದೆಲ್ಲ ಹೇಳುವುದಿಲ್ಲ. ಇದನ್ನು ಓದುವವರಿಗೆ ಅದು ಗೊತ್ತಿರುತ್ತದೆ. ನನ್ನ ದುಡ್ಡು ಎಲ್ಲಿ ಹೋಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮೊದಲು ತರಿಸಿದ್ದು ಐದು ಸಾವಿರದೊಳಗಿನ ಒಂದು ಮೆಷಿನ್. ಡಯಲ್ 60 ಡಿಗ್ರಿ ಅಂದರೆ ಒಳಗೆ 48, 50. ಓವನ್ ಥರ್ಮಾಮೀಟರ್ ಇಟ್ಟು ನೋಡುವವರೆಗೂ ಇದು ಗೊತ್ತಾಗಲಿಲ್ಲ. ಆ ಬಿಸಿಯಲ್ಲಿ ಬೇಯಿಸಿದ ಅನ್ನ ಒಣಗುವ ಮೊದಲೇ ಹುಳಿ ವಾಸನೆ ಬರುತ್ತದೆ. ಎರಡನೆಯದಕ್ಕೆ ಎಂಟೂವರೆ ಸಾವಿರ ಆಯಿತು. ಚೀಲದ ಗಾಳಿ ಎಳೆದು ಮುಚ್ಚುವ ವ್ಯಾಕ್ಯೂಮ್ ಸೀಲರ್‌ಗೆ ಎರಡು ಸಾವಿರದ ಚಿಲ್ಲರೆ. ಕರೆಂಟ್ ಖರ್ಚಿನ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಹತ್ತು ಗಂಟೆ ಓಡಿಸಿದರೂ ನನ್ನ ಮೆಷಿನ್ ನಾಲ್ಕು ಯೂನಿಟ್ ದಾಟುವುದಿಲ್ಲ. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ಮೂವತ್ತು ರೂಪಾಯಿಯೊಳಗೆ ಆಯಿತು. ಒಂದು ಊಟಕ್ಕೆ ಎಲ್ಲ ಸೇರಿ ನಲವತ್ತು ರೂಪಾಯಿ ಬೀಳುತ್ತದೆ. ಅಂಗಡಿಯ ಪ್ಯಾಕೆಟ್‌ಗಳು ಇನ್ನೂರೈವತ್ತು, ಮುನ್ನೂರು. ಅದರಲ್ಲಿ ಹಸಿದವರ ಹೊಟ್ಟೆ ತುಂಬುವುದೂ ಇಲ್ಲ.

ಮಹಡಿ ಮೇಲೆ ಸಂಡಿಗೆ ಥರ ಒಣಗಿಸಬಹುದಲ್ವಾ ಎಂದು ಕೇಳುತ್ತಾರೆ. ಏಪ್ರಿಲ್‌ನಲ್ಲಿ ಮಾಡಿ ನೋಡಿದ್ದೇನೆ. ಬಿಡಿ ಅನ್ನ ಪರವಾಗಿಲ್ಲ. ಬೇಳೆ, ಮಸಾಲೆ ಸೇರಿದ್ದು ಸಂಜೆಗೆ ಅರ್ಧ ಒಣಗಿರುತ್ತದೆ, ರಾತ್ರಿ ಕೆಡುತ್ತದೆ. ಸಂಡಿಗೆ ಹಿಟ್ಟಿನಲ್ಲಿ ಉಪ್ಪು, ಖಾರ ಜಾಸ್ತಿ, ಹರಡುವುದೂ ತೆಳ್ಳಗೆ. ಊಟಕ್ಕೆ ಆ ಲೆಕ್ಕ ಹಿಡಿಯುವುದಿಲ್ಲ.

ನಿಜವಾದ ತೊಂದರೆ ಇದ್ದದ್ದು ಹುಣಸೆ ಮತ್ತು ಬೆಲ್ಲದಲ್ಲಿ. ಬಿಸಿಬೇಳೆಬಾತ್ ಪೂರ್ತಿ ಮಾಡಿ ಟ್ರೇ ಮೇಲೆ ಹರಡಿದರೆ ಹದಿನಾಲ್ಕು ಗಂಟೆ ಆದರೂ ಚರ್ಮದ ಹಾಗೆ ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಹುಣಸೆ, ಬೆಲ್ಲ ಎರಡೂ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಬೆಂಗಳೂರಿನ ಜುಲೈನಲ್ಲಂತೂ ಮೆಷಿನ್‌ನಿಂದ ತೆಗೆದು ಪ್ಯಾಕ್ ಮಾಡುವಷ್ಟರಲ್ಲೇ ಅಂಟಂಟು. ಸೀಲ್ ಮಾಡಿಟ್ಟ ಒಂದು ಪೂರ್ತಿ ಬ್ಯಾಚ್‌ಗೆ ಬೂಷ್ಟು ಬಂತು, ಸುಮಾರು ಎರಡು ಕೆಜಿ ಒಣ ಊಟ ಕಸಕ್ಕೆ ಹೋಯಿತು. ಇನ್ನೊಂದು ಬ್ಯಾಚ್‌ನಲ್ಲಿ ತುಪ್ಪ, ಗೋಡಂಬಿ, ಕೊಬ್ಬರಿ ಎಲ್ಲ ಹಾಕಿದ್ದೆ. ಮೂರು ವಾರಕ್ಕೆ ಕಮಟು ವಾಸನೆ. ಜಿಡ್ಡು ಒಣಗುವುದಿಲ್ಲ, ಕೆಡುತ್ತದೆ ಅಷ್ಟೇ. ಜಿಡ್ಡು ತೆಗೆದೆ, ಹುಣಸೆ ತೆಗೆದೆ, ಬೆಲ್ಲ ತೆಗೆದೆ. ಆಗ ಚೆನ್ನಾಗಿ ಒಣಗಿತು, ಆದರೆ ರುಚಿಯೇ ಇಲ್ಲ.

ದಾರಿ ತೋರಿಸಿದ್ದು ಅಮ್ಮ. "ಅಲ್ಲ ಕಣೇ, ಅನ್ನ ಒಣಗಿಸ್ಕೋ, ಬೇಳೆ ಒಣಗಿಸ್ಕೋ. ಗೊಜ್ಜು ಯಾಕೆ ಒಣಗಿಸ್ತೀಯಾ? ಪುಳಿಯೋಗರೆ ಗೊಜ್ಜು ಹಾಗೇ ತಿಂಗಳುಗಟ್ಟಲೆ ಇರಲ್ವಾ?" ಅಂದರು.

ಅಷ್ಟೇ ವಿಷಯ. ಅನ್ನ, ಬೇಳೆ, ತರಕಾರಿ ಇವನ್ನು ಗರಿಗರಿಯಾಗಿ ಒಣಗಿಸುವುದು. ಹುಳಿ, ಬೆಲ್ಲ, ಉಪ್ಪು, ಮಸಾಲೆ, ಎಣ್ಣೆ ಎಲ್ಲ ಸೇರಿಸಿ ಎಣ್ಣೆ ಬಿಡುವವರೆಗೆ ಕುದಿಸಿ ಗೊಜ್ಜು ಮಾಡಿ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ತುಂಬುವುದು. ಎರಡೂ ಪಾತ್ರೆಯಲ್ಲಿ ಸೇರುವುದು ಬೆಟ್ಟದ ಮೇಲೆ. ಬಿಸಿಬೇಳೆಬಾತ್‌ಗೂ ಇದೇ ರೀತಿ ಗೊಜ್ಜು ಮಾಡುತ್ತೇನೆ. ಒಬ್ಬರ ಒಂದು ಊಟಕ್ಕೆ 120 ಗ್ರಾಂ ಒಣ ಸಾಮಾನು, 25 ಗ್ರಾಂ ಗೊಜ್ಜು. ಒಂದು ಚಮಚ ತುಪ್ಪ ಸೇರಿದರೆ ಆರುನೂರು ಕ್ಯಾಲರಿ ಹತ್ತಿರ ಬರುತ್ತದೆ. ಗೊಜ್ಜಿಗೆ ನಾನು ಹಾಕುವ ಪುಡಿಯ ಅಳತೆ ಮಾತ್ರ ಕೇಳಬೇಡಿ, ಅದು ಮನೆಯದು.

ಅಕ್ಕಿ ಹಳೆಯ ಸೋನಾ ಮಸೂರಿಯೇ ಆಗಬೇಕು. ಹೊಸ ಅಕ್ಕಿ ಮುದ್ದೆಯಾಗುತ್ತದೆ. ಕುಚ್ಚಲಕ್ಕಿ ಮತ್ತೆ ಮೆತ್ತಗಾಗಲು ತುಂಬಾ ಹೊತ್ತು ಬೇಕು. ಅನ್ನ ಪೂರ್ತಿ ಬೆಂದ ಮೇಲೆ ತಣ್ಣೀರಲ್ಲಿ ಒಮ್ಮೆ ತೊಳೆದು, ಬಸಿದು, ಹರಡುತ್ತೇನೆ. 60 ಡಿಗ್ರಿಯಲ್ಲಿ ಐದಾರು ಗಂಟೆ, ನಡುವೆ ಒಮ್ಮೆ ಕೈಯಾಡಿಸಬೇಕು. ತೊಗರಿಬೇಳೆಯನ್ನು ಕುಕ್ಕರ್‌ನಲ್ಲಿ ನುಣ್ಣಗೆ ಬೇಯಿಸಿ ಬಟರ್ ಪೇಪರ್ ಮೇಲೆ ತೆಳ್ಳಗೆ ಬಳಿದರೆ ಏಳೆಂಟು ಗಂಟೆಗೆ ಚಕ್ಕೆ ಏಳುತ್ತದೆ, ಮಿಕ್ಸಿಯಲ್ಲಿ ತರಿತರಿ ಮಾಡಿಕೊಳ್ಳಿ. ಹುರುಳಿಕಾಯಿಯನ್ನು ಪಲ್ಯಕ್ಕಿಂತ ಸಣ್ಣಗೆ ಹೆಚ್ಚಿ, ಕ್ಯಾರೆಟ್ ತುರಿದು, ಎರಡನ್ನೂ ಸ್ವಲ್ಪ ಬೇಯಿಸಿಕೊಳ್ಳಿ. ಬಟಾಣಿ ಮಾತ್ರ ಫ್ರೋಜನ್ ತಗೊಳ್ಳಿ. ತಾಜಾ ಬಟಾಣಿ ಒಣಗಿದ ಮೇಲೆ ಎಷ್ಟು ಕುದಿಸಿದರೂ ಗುಂಡು. ಫ್ರೀಜರ್‌ನ ಮಂಜು ಅದರ ಒಳಗನ್ನು ಸೀಳಿರುತ್ತದೆ, ಹಾಗಾಗಿ ನೀರು ಬೇಗ ಹೊಗುತ್ತದೆ.

ಒಣಗಿದ್ದನ್ನು ತಕ್ಷಣ ಸೀಲ್ ಮಾಡಬೇಡಿ. ಒಂದು ವಾರ ಗಾಜಿನ ಜಾಡಿಯಲ್ಲಿಟ್ಟು ದಿನಾ ಕುಲುಕಿ ನೋಡಿ. ಗಾಜಿನ ಮೇಲೆ ಸ್ವಲ್ಪ ಮಂಜು ಕಂಡರೂ ಮತ್ತೆ ಮೆಷಿನ್‌ಗೆ ಹಾಕಿ.

ಇಷ್ಟು ಕಷ್ಟ ಯಾಕೆ, ಅಕ್ಕಿ ಬೇಳೆ ಹೊತ್ತುಕೊಂಡು ಹೋಗಬಹುದಲ್ಲ ಅಂತೀರಾ? 3,500 ಮೀಟರ್‌ನಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯುವ ಮಾತೇ ಇಲ್ಲ. ಗ್ಯಾಸ್ ಕೂಡ ಉಳಿಸಬೇಕು: ಚಿಕ್ಕ ಒಲೆಗೆ ಹಾಕುವ ಗ್ಯಾಸ್ ಕ್ಯಾನಿಸ್ಟರನ್ನು ವಿಮಾನದಲ್ಲಿ ಬಿಡುವುದಿಲ್ಲ, ಡೆಹ್ರಾಡೂನ್‌ನಲ್ಲೇ ಕೊಳ್ಳಬೇಕು, ಅಲ್ಲಿ ಬೆಲೆ ಅವರು ಹೇಳಿದ್ದೇ. ನನ್ನ ಕ್ರಮ ಇದು: ಪಾತ್ರೆಗೆ ತಣ್ಣೀರು ಹಾಕಿ ಒಣ ಸಾಮಾನು ನೆನೆಹಾಕಿ, ಟೆಂಟ್ ಕಟ್ಟಿ. ಹದಿನೈದು ನಿಮಿಷದ ಮೇಲೆ ಒಲೆ ಹಚ್ಚಿ, ಎರಡು ನಿಮಿಷ ಕುದಿಸಿ, ಆರಿಸಿ. ಪಾತ್ರೆಯನ್ನು ಉಣ್ಣೆ ಶಾಲಿನಲ್ಲಿ ಸುತ್ತಿ ಇನ್ನೊಂದು ಹದಿನೈದು ನಿಮಿಷ ಬಿಡಿ. ಗೊಜ್ಜು ಕೊನೆಗೆ. ಮೊದಲೇ ಹಾಕಿದರೆ ಹುಳಿಯಿಂದ ಬೇಳೆ ಮೆತ್ತಗಾಗುವುದಿಲ್ಲ. ನಾಲ್ಕು ಜನಕ್ಕೆ ಐದು ದಿನ, ಚಹಾ ಸೇರಿ, 230 ಗ್ರಾಂನ ಎರಡು ಕ್ಯಾನಿಸ್ಟರ್ ಸಾಕಾಯಿತು. ಊಟದ ತೂಕ ಒಟ್ಟು ಆರು ಕೆಜಿ ಹತ್ತಿರ.

ನಮ್ಮ ಕಡೆಯ ಕಾಡುಗಳಲ್ಲಿ ಒಲೆ ಹಚ್ಚುವ ಹಾಗಿಲ್ಲ. ಆದರೂ ಇದು ನಡೆಯುತ್ತದೆ. ಕುಮಾರ ಪರ್ವತಕ್ಕೆ ಹೋಗುವಾಗ ಒಣ ಅನ್ನವನ್ನು ಅಗಲ ಬಾಯಿಯ ಡಬ್ಬಿಯಲ್ಲಿ ನೀರು ಹಾಕಿಟ್ಟು ಹತ್ತಿದೆ. ಎರಡು ಗಂಟೆ ಬಿಟ್ಟು ಪುಳಿಯೋಗರೆ ಗೊಜ್ಜು, ಹುರಿದ ಶೇಂಗಾ ಕಲಸಿದರೆ ಊಟ ತಯಾರು. ಅದಕ್ಕಿಂತ ಜಾಸ್ತಿ ಹೊತ್ತು ನೆನೆಯಲು ಬಿಡಬೇಡಿ, ಬಿಸಿಲಿಗೆ ಹಳಸುತ್ತದೆ. ತಣ್ಣೀರಿಗೆ ಅವಲಕ್ಕಿ ಸಾಲದೇ ಎನ್ನುವವರು ಐದು ದಿನ ಅದನ್ನೇ ತಿಂದು ನೋಡಲಿ.

ಬೇರೆ ಪ್ರಯೋಗಗಳೂ ನಡೆದಿವೆ. ಮೊಸರು ಕಟ್ಟಿ ನೀರಿಳಿಸಿ ಒಣಗಿಸಿದರೆ ಮಜ್ಜಿಗೆಗೆ ಚೆನ್ನಾಗಿದೆ, ಮೊಸರನ್ನಕ್ಕೆ ತರಿತರಿ. ಬಾಳಕದ ಮೆಣಸಿನಕಾಯಿ ಮನೆಯಲ್ಲೇ ಕರಿದು ಒಯ್ಯಿರಿ, ಐದನೇ ದಿನವೂ ಗರಿಗರಿ. ಹೋಳಿಗೆ ಹೂರಣ ಒಣಗಲೇ ಇಲ್ಲ, ಬೆಲ್ಲದ್ದೇ ಕಥೆ. ಚಿಕನ್ ತುಂಡು ಒಣಗಿದರೆ ಕಲ್ಲು. ಕೈಮಾ ಮಾಡಿ ಪೂರ್ತಿ ಬೇಯಿಸಿ, ಕೈಮಾ ಉಂಡೆಗೆ ಹಾಕುವ ಹಾಗೆ ಹುರಿಗಡಲೆ ಪುಡಿ ಬೆರೆಸಿ 70 ಡಿಗ್ರಿಯಲ್ಲಿ ಒಣಗಿಸಿದೆ. ಹುರಿಗಡಲೆ ನೀರು ಹೀರುತ್ತದೆ, ಮಾಂಸ ಮೆತ್ತಗಾಗುತ್ತದೆ. ಗುಂಪಿನ ಮಾಂಸಾಹಾರಿಗಳು ಇದಕ್ಕೆ ಈಗಲೇ ದುಡ್ಡು ಕೊಡಲು ತಯಾರಿದ್ದಾರೆ.

ಸದ್ಯ ಹುರುಳಿಕಾಳಿನ ಬಸ್ಸಾರಿನ ಹಿಂದೆ ಬಿದ್ದಿದ್ದೇನೆ. ಮೊಳಕೆ ಕಾಳು ಬೇಯಿಸಿ, ಸ್ವಲ್ಪ ಜಜ್ಜಿ ಒಣಗಿಸಿದ್ದು ಜಾಡಿಯಲ್ಲಿದೆ, ಚೆನ್ನಾಗಿ ಬಂದಿದೆ. ಬಸಿದ ಕಟ್ಟನ್ನು ಕಾಲು ಭಾಗಕ್ಕೆ ಇಳಿಯುವವರೆಗೆ ಕುದಿಸಿ ಗೊಜ್ಜಿಗೇ ಸೇರಿಸಬೇಕು ಎಂದುಕೊಂಡಿದ್ದೇನೆ. ಮಾರ್ಚ್‌ನೊಳಗೆ ಮನೆಯಲ್ಲಿ ತಿಂಗಳಿಟ್ಟು ನೋಡುತ್ತೇನೆ. ಕೆಡದಿದ್ದರೆ ಮೇನಲ್ಲಿ ಬೆಟ್ಟಕ್ಕೆ.